ಯಾರ ಪೈಕಿ ಎಂದು ಕೇಳಿದವನು ನಾನೇ

ಹರಿಹರದ ಒಂದು ಯಂತ್ರ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾಗಿ ಈಗ ದಾವಣಗೆರೆಯಲ್ಲಿರುವವನು ನಾನು. ಕೆಲಸ ಕೇಳಿಕೊಂಡು ಬಂದವರನ್ನು ಸಂದರ್ಶಿಸುವುದೇ ನನ್ನ ಕಸುಬಾಗಿತ್ತು. ಅದನ್ನು ನಾನು ಯಾವ ಪುಸ್ತಕದಿಂದಲೂ ಕಲಿತವನಲ್ಲ. ನನಗಾದ ಒಂದು ಅವಮಾನದಿಂದ ಕಲಿತೆ.

ಇಪ್ಪತ್ತೆರಡರ ವಯಸ್ಸಿನಲ್ಲಿ, ದಾವಣಗೆರೆಯಿಂದ ಬೆಳಗಿನ ಬಸ್ಸು ಹಿಡಿದು, ಅಣ್ಣನ ಅಂಗಿ ತೊಟ್ಟು, ಅದೇ ಕಾರ್ಖಾನೆಗೆ ಸಂದರ್ಶನಕ್ಕೆ ಹೋಗಿದ್ದೆ. ಒಳಗೆ ಕರೆಸಿಕೊಂಡ ಅಧಿಕಾರಿ ಉಪ್ಪಿಟ್ಟು ತಿನ್ನುತ್ತಿದ್ದರು. ಅವರೆದುರಿಗೆ ಎರಡು ಕುರ್ಚಿಗಳು ಖಾಲಿ ಇದ್ದವು. ಕೂರು ಎನ್ನಲಿಲ್ಲ. ತಲೆ ಎತ್ತದೆ, "ಯಾರ ಪೈಕಿಯೋ ನೀನು?" ಎಂದರು. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ತಂದೆಯ ಹೆಸರನ್ನು ಹೇಳಿದೆ. "ಓ, ಗಿರಣಿಯೋರು," ಎಂದು ಮತ್ತೆ ತಟ್ಟೆಗೆ ತಿರುಗಿದರು. ನನ್ನ ಅಂಕಪಟ್ಟಿಗಳನ್ನು ಕಟ್ಟಿದ್ದ ದಾರವನ್ನು ಅವರು ಬಿಚ್ಚಲೇ ಇಲ್ಲ. ಆ ಹೊತ್ತಿನಲ್ಲಿ ಅವರ ಚಮಚ ತಟ್ಟೆಗೆ ಹನ್ನೊಂದು ಬಾರಿ ತಗುಲಿತು. ನಾನು ಎಣಿಸಿದೆ, ಏಕೆಂದರೆ ನಿಂತವನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ.

ಮರುವರ್ಷ ಆ ಸ್ಥಾನಕ್ಕೆ ಬೇರೊಬ್ಬ ಅಧಿಕಾರಿ ಬಂದರು, ನಾನು ಮತ್ತೆ ಸಂದರ್ಶನಕ್ಕೆ ಹೋದೆ. ಅವರು ನನ್ನ ತಂದೆಯ ಹೆಸರನ್ನೂ ಕೇಳಲಿಲ್ಲ, ಓಣಿಯನ್ನೂ ಕೇಳಲಿಲ್ಲ. ಹಾಜರಿ ಪುಸ್ತಕವೊಂದನ್ನು ನನ್ನ ಮುಂದೆ ತೆರೆದಿಟ್ಟು, "ಪಾಳಿ ಬದಲಾಗುವ ಹೊತ್ತಿನಲ್ಲಿ ಇಲ್ಲಿ ದಿನವೂ ತಪ್ಪಾಗುತ್ತದೆ. ನೀವಾದರೆ ಹೇಗೆ ಸರಿಪಡಿಸುತ್ತೀರಿ?" ಎಂದರು. ಅರ್ಧ ಗಂಟೆ ಮಾತನಾಡಿದೆ. ಕೆಲಸ ಸಿಕ್ಕಿತು. ಮುಂದೆ ಅದೇ ಮೇಜಿನ ಹಿಂದೆ ನಾನು ಕುಳಿತಾಗ, ಮೊದಲನೆಯ ಅಧಿಕಾರಿ ಮಾಡಿದ್ದರಲ್ಲಿ ಒಂದನ್ನೂ ಮಾಡಬಾರದೆಂದು ನಿಶ್ಚಯಿಸಿದೆ. ಬಂದವರು ಮೊದಲು ಕೂರಬೇಕು. ನೀರು ಅವರ ಕೈಗೆ ನಿಲುಕುವಂತಿರಬೇಕು. "ನೀವು ಪ್ರಾಮಾಣಿಕರೇ" ಎಂದು ಕೇಳಿದರೆ ಇಲ್ಲ ಎನ್ನುವವರು ಈ ಭೂಮಿಯ ಮೇಲಿಲ್ಲ. ಆದ್ದರಿಂದ ಅಭಿಪ್ರಾಯವನ್ನು ಕೇಳದೆ ಒಂದು ದಿನದ ಕೆಲಸವನ್ನು ಹೇಳಿಸಬೇಕು. ಉತ್ತರ ತಡವಾದರೆ ಮಧ್ಯೆ ಬಾಯಿ ಹಾಕಬಾರದು. ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಬೇಕು, ನಮ್ಮ ಪ್ರಶ್ನೆಯನ್ನೂ ಸೇರಿಸಿ. ಎಲ್ಲಕ್ಕಿಂತ ಮಿಗಿಲಾಗಿ, ಯಾರ ಪೈಕಿ ಎಂದು ಕೇಳಕೂಡದು. ನಮ್ಮ ಸೀಮೆಯಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದು ಇಲ್ಲಿಯವರಿಗೇ ಗೊತ್ತು. ಇಲ್ಲಿ ಬಸ್ಸಿನಲ್ಲಿ ಪಕ್ಕ ಕುಳಿತವರು ಟಿಕೆಟ್ ತೆಗೆಯುವ ಮೊದಲೇ ಅದನ್ನು ಕೇಳುತ್ತಾರೆ, ಕೇಳದಿದ್ದರೆ ಸೊಕ್ಕಿನವನೆನ್ನುತ್ತಾರೆ. ಮೂವತ್ತನಾಲ್ಕು ವರ್ಷ ನಾನು ಸೊಕ್ಕಿನವನೆಂಬ ಆ ಹೆಸರು ಹೊತ್ತೆ, ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಒಂದು ಶಿಕ್ಷಣ ಸಂಸ್ಥೆಯ ಅಧ್ಯಕ್ಷರು ನನಗೆ ಫೋನ್ ಮಾಡಿದರು. ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರ ಅವರದು. ಆನೆಕೊಂಡದ ಕಡೆ ಇರುವ ತಮ್ಮ ಶಾಲೆಯ ಬಾಲಕಿಯರ ಹಾಸ್ಟೆಲಿಗೆ ಒಬ್ಬ ವಾರ್ಡನ್ ಬೇಕೆಂದರು. ಆಯ್ಕೆ ಸಮಿತಿಯಲ್ಲಿ ಅವರು, ಶಾಲೆಯ ಮುಖ್ಯೋಪಾಧ್ಯಾಯಿನಿ ಮತ್ತು ಹೊರಗಿನವರೊಬ್ಬರು ಇರಬೇಕು, ಮೂವರೂ ಸಹಿ ಹಾಕಬೇಕು ಎಂಬುದು ಅವರ ಸಂಸ್ಥೆಯ ನಿಯಮವಂತೆ.

"ನೀವು ಬಂದು ಕುಂತ್ರೆ ಸಾಕ್ರಿ. ಮಂದೀನ ಆರ್ಸೋದು ನಿಮಗ ಗೊತ್ತೈತೆ," ಎಂದರು.

ಬಂದು ಕುಳಿತರೆ ಸಾಕೆಂಬ ಮಾತೇ ನನಗೆ ಸರಿಬರಲಿಲ್ಲ. ಆದರೂ ಒಪ್ಪಿದೆ. ಮೂರು ಷರತ್ತು ಹಾಕಿದೆ: ಬಂದವರಿಗೆ ಕುರ್ಚಿ, ನೀರು, ಮತ್ತು ಆ ಹೊತ್ತಿಗೆ ಎಲ್ಲರ ಫೋನೂ ಬಂದ್. ಅರ್ಜಿಗಳನ್ನು ಮುಂಚೆಯೇ ತರಿಸಿಕೊಂಡು ಎರಡು ಸಲ ಓದಿದೆ. ಐದು ಅರ್ಜಿಗಳಿದ್ದವು. ಅವುಗಳಲ್ಲಿ ಒಂದು ಮಲೆಬೆನ್ನೂರಿನಿಂದ ಬಂದಿತ್ತು. ಉಳಿದವರು ಸೇವಾ ಮನೋಭಾವ, ಮಾತೃಹೃದಯ ಎಂದೆಲ್ಲ ಬರೆದಿದ್ದರೆ ಈಕೆ ತಾನು ಎಂಟು ವರ್ಷ ಬೇರೆ ಊರಿನ ಒಂದು ಖಾಸಗಿ ಹಾಸ್ಟೆಲಿನಲ್ಲಿ ಉಸ್ತುವಾರಿ ನೋಡಿಕೊಂಡದ್ದನ್ನೂ, ಅದು ಮುಚ್ಚಿದ್ದನ್ನೂ ನಾಲ್ಕು ಸಾಲಿನಲ್ಲಿ ಮುಗಿಸಿದ್ದರು. ಕೊನೆಯ ಸಾಲು ಹೀಗಿತ್ತು: "ಅಣ್ಣನ ಮನೆಯಲ್ಲಿ ನಾನೂ ಒಂಬತ್ತನೇ ತರಗತಿಯ ನನ್ನ ಮಗಳೂ ಇರುವ ಕೋಣೆಯನ್ನು ಅವರ ಮಗನ ಮದುವೆಗೆ ಬರುವ ತಿಂಗಳು ಬಿಟ್ಟುಕೊಡಬೇಕಾಗಿದೆ. ವಾರ್ಡನ್‌ಗೆ ಕೋಣೆ ಉಂಟೆಂದು ತಿಳಿದು ಅರ್ಜಿ ಹಾಕಿದ್ದೇನೆ." ಇಷ್ಟು ನೇರವಾದ ಅರ್ಜಿಯನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡದ್ದು ಕಡಿಮೆ. ಆಕೆಗಾಗಿಯೇ ಹದಿನಾಲ್ಕು ಪ್ರಶ್ನೆಗಳನ್ನು ಸಿದ್ಧಪಡಿಸಿಕೊಂಡೆ.

ಸಂದರ್ಶನ ನಡೆದದ್ದು ಶಾಲೆಯಲ್ಲಲ್ಲ. ಮಂಡಿಪೇಟೆಯಲ್ಲಿ, ಅಧ್ಯಕ್ಷರ ಅಂಗಡಿಯ ಮೇಲಿನ ಕೋಣೆಯಲ್ಲಿ. ಹತ್ತಕ್ಕೆ ಎಂದವರು ಹತ್ತು ಮುಕ್ಕಾಲಿಗೆ ಬಂದರು. ಬಂದು ನನ್ನನ್ನು ಮುಖ್ಯೋಪಾಧ್ಯಾಯಿನಿಗೆ ಪರಿಚಯಿಸಿದ್ದು ಹೀಗೆ: "ಇವ್ರು ನಮ್ಮ ಫ್ಯಾಕ್ಟರಿ ಅಜ್ಜಾರು." ನನಗೊಂದು ಹೆಸರಿದೆ, ಹುದ್ದೆಯೂ ಇತ್ತು. ಕೆಳಗೆ ಲಾರಿಯಿಂದ ಮೆಣಸಿನಕಾಯಿ ಚೀಲಗಳನ್ನು ಇಳಿಸುತ್ತಿದ್ದರು. ಒಂದೊಂದು ಚೀಲ ದೊಪ್ಪನೆ ಬಿದ್ದಾಗಲೂ ಘಾಟು ಮೆಟ್ಟಿಲೇರಿ ಬರುತ್ತಿತ್ತು. ಬಂದವರು ಕೆಮ್ಮುವುದು, ನಾವು ಕೆಮ್ಮುವುದು, ಕಣ್ಣೊರೆಸಿಕೊಳ್ಳುವುದು. ಹೊರಗೆ ಕಾದು ಕುಳಿತ ಹೆಂಗಸರೂ ಸೆರಗನ್ನು ಮೂಗಿಗೆ ಹಿಡಿದಿದ್ದರು. ಅಧ್ಯಕ್ಷರೊಬ್ಬರಿಗೇ ಏನೂ ಆಗಲಿಲ್ಲ. ಅವರ ಫೋನು ಮೇಜಿನ ಮೇಲಿತ್ತು. ಮೊದಲ ಮೂವರ ಸಂದರ್ಶನದೊಳಗೆ ಆರು ಬಾರಿ ಹೊಡೆದುಕೊಂಡಿತು. ನಾನು ಕುರ್ಚಿಯಲ್ಲಿ ಅತ್ತಿತ್ತ ಮಿಸುಕಾಡುತ್ತಲೇ ಇದ್ದೆ.

ನಾಲ್ಕನೆಯವರಾಗಿ ಮಲೆಬೆನ್ನೂರಿನ ಆ ಹೆಣ್ಣುಮಗಳು ಬಂದರು. ನಲವತ್ತರ ಆಸುಪಾಸಿನವರು. ಹಸಿರು ಅಂಚಿನ ನೂಲಿನ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಎರಡು ಬಸ್ಸು ಬದಲಿಸಿ ಬಂದ ಆಯಾಸ ಮುಖದಲ್ಲಿತ್ತು. ಕುರ್ಚಿಯ ತುದಿಯಲ್ಲಿ ಕುಳಿತರು. ಅರ್ಜಿಯಲ್ಲಿ ಹುಟ್ಟೂರೆಂದು ಬರೆದಿದ್ದ ಹಳ್ಳಿ ನನ್ನ ಹೆಂಡತಿಯ ತವರು. ಅವರ ಗಾಬರಿಯನ್ನು ಕಂಡು, ಆ ಗದ್ದಲದಲ್ಲಿ ಒಂದು ಹಿತವಾದ ಮಾತಾಡಿ ಹಗುರಾಗಿಸೋಣವೆಂದುಕೊಂಡೆ.

"ಅದು ನಮ್ಮ ಮನಿಯೋರ ತೌರೂರಮ್ಮಾ," ಎಂದು ನಕ್ಕೆ. "ಅಲ್ಲಿ ಯಾರ ಪೈಕಿ ನೀವು?"

ಆಕೆಯ ಕೈ ಫೈಲಿನ ಮೇಲೆ ನಿಂತಿತು. "ಯಾವ ಪೈಕಿ ಹೇಳ್ಲಿ ಸಾರ್? ತೌರಮನಿದೋ, ಗಂಡನ ಮನಿದೋ?"

ನಾನು ಉತ್ತರಿಸುವ ಮೊದಲೇ ಅಧ್ಯಕ್ಷರು ಫೋನಿನಿಂದ ತಲೆ ಎತ್ತಿದರು. ಆ ಬೆಳಗಿನಿಂದ ಅವರಿಗೆ ರುಚಿಸಿದ ಮೊದಲ ಪ್ರಶ್ನೆ ಇದೇ ಇರಬೇಕು. "ಯಾಕ? ಗಂಡನ ಮನಿ ಎಲ್ಲೈತೆ? ಯಜಮಾನ್ರು ಏನ್ ಮಾಡ್ತಾರೆ?"

"ಅಲ್ಲಿಂದ ಬಂದುಬಿಟ್ಟೀನ್ರಿ. ಆರು ವರ್ಷ ಆತು."

"ಆತ ಬಿಟ್ಟನೋ, ನೀನೇ ಬಿಟ್ಟು ಬಂದ್ಯೋ?"

ನೀವು ಎನ್ನುವುದು ನೀನು ಆದದ್ದನ್ನು ನಾನು ಗುರುತು ಹಾಕಿಕೊಂಡೆ. ಆಕೆಯೂ ಗುರುತಿಸಿದರು.

"ನಾನೇ ಬಂದೆ."

"ಅಲ್ಲವ್ವಾ, ಒಂದು ಗಂಡನ್ನ ಸಂಭಾಳ್ಸಕ ಆಗ್ಲಿಲ್ಲ ನಿನಗ. ಎಪ್ಪತ್ತು ಹೆಣ್ಮಕ್ಳನ್ನ ಹೆಂಗ್ ಸಂಭಾಳಿಸ್ತೀಯ?"

"ಅದನ್ನ ಕೇಳ್ರಿ. ಹೇಳ್ತೀನಿ," ಎಂದರು ಆಕೆ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅಧ್ಯಕ್ಷರು ಯಾವುದೋ ಲಾರಿಯವನೊಡನೆ ಜಗಳಕ್ಕೆ ನಿಂತರು. ಮುಗಿಸಿ ಬಂದವರೇ, "ಆತು. ತಿಳಿಸ್ತೀವಿ," ಎಂದರು. ಮುಖ್ಯೋಪಾಧ್ಯಾಯಿನಿ ಅರ್ಜಿಯನ್ನು ನೋಡುತ್ತಿದ್ದರು. ನನ್ನ ಹದಿನಾಲ್ಕು ಪ್ರಶ್ನೆಗಳು ಮಡಿಲಲ್ಲೇ ಉಳಿದವು. ಆಕೆ ಎದ್ದು ಮೂವರಿಗೂ ಕೈಮುಗಿದು ಹೋದರು. ನೀರಿನ ಲೋಟ ತುಂಬಿದ ಹಾಗೇ ಇತ್ತು.

ಐದನೆಯವರು ಅಧ್ಯಕ್ಷರಿಗೆ ಗೊತ್ತಿದ್ದ ಮನೆಯವರು. "ಒಳ್ಳೆ ಮನೆತನ್ರಿ," ಎಂದು ಅವರನ್ನೇ ಆರಿಸಿ, ನಡವಳಿ ಪುಸ್ತಕವನ್ನು ನನ್ನ ಕಡೆ ನೂಕಿದರು. ನನ್ನ ಟಿಪ್ಪಣಿಗಳನ್ನು ಶುದ್ಧಪ್ರತಿ ಮಾಡದೆ ಸಹಿ ಹಾಕುವ ಪದ್ಧತಿ ನನ್ನದಲ್ಲ ಎಂದೆ. "ಸೋಮವಾರ ಹಾಕ್ರಿ ಹಂಗಾರೆ. ಸಹಿಗೇನು ಓಡಿಹೋಗಾಕ ಕಾಲು ಅದಾವಾ?" ಎಂದು ನಕ್ಕರು.

ಮನೆಗೆ ಬಂದರೆ ಕುಳಿತಲ್ಲಿ ಕೂರಲಾಗಲಿಲ್ಲ. ಪಡಸಾಲೆಯಿಂದ ಅಡಿಗೆಮನೆಗೆ, ಅಲ್ಲಿಂದ ಹಿತ್ತಲಿಗೆ ನಡೆದೆ. ಕೈಕಾಲು ತೊಳೆದೆ, ಗಂಟಲಿನಲ್ಲಿದ್ದ ಘಾಟು ಹೋಗಲಿಲ್ಲ. ಒಂದು ಹಾಳೆಯಲ್ಲಿ ಅಧ್ಯಕ್ಷರ ತಪ್ಪುಗಳನ್ನು ಬರೆಯಲು ಕುಳಿತೆ. ಮುಕ್ಕಾಲು ಗಂಟೆ ತಡ. ಅಂಗಡಿಯ ಮೇಲೆ ಸಂದರ್ಶನ. ಫೋನು. ಏಕವಚನ. ಗಂಡನ ವಿಚಾರ. ನನ್ನನ್ನು ಅಜ್ಜನೆಂದದ್ದು. ಹದಿನೇಳು ಸಂಗತಿಗಳಾದವು. ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಆಕೆ ಮೆಂತ್ಯ ಸೊಪ್ಪು ಸೋಸುತ್ತಿದ್ದಳು.

"ನಮ್ಮೂರಿನ ಹೆಣ್ಮಗಳೇನ್ರಿ ಆಕಿ?"

"ಹೌದು. ಅದಕ್ಕೇ ನನಗಿಷ್ಟು ಸಂಕಟ."

"ಅಲ್ಲ, ಆ ಸಾಹುಕಾರಪ್ಪಗ ಆಕಿ ಗಂಡನ ವಿಚಾರ ಹೆಂಗ್ ಗೊತ್ತಾತು? ಅರ್ಜಿಯಾಗ ಬರ್ದಿದ್ಲಾ?"

"ಇಲ್ಲ."

"ಮತ್ತೆ? ಮೊದ್ಲು ಕೇಳಿದ್ದು ಯಾರು?"

ನಾನು ಟಿಪ್ಪಣಿಯನ್ನು ತೆಗೆದೆ. ನನ್ನ ಅಕ್ಷರದಲ್ಲೇ, ನನ್ನ ಪದ್ಧತಿಯಂತೆಯೇ, ಪ್ರಶ್ನೆ ಕೇಳಿದವರ ಗುರುತಿನೊಡನೆ ಮೊದಲ ಸಾಲು ಇತ್ತು: 'ನಾನು: ಅಲ್ಲಿ ಯಾರ ಪೈಕಿ ನೀವು?' ಓದಿ ಹೇಳಲಿಲ್ಲ. ಆಕೆಗೆ ನನ್ನ ಮುಖ ಸಾಕಾಯಿತು.

"ನೀವಾ?" ಎಂದಳು. ಸೊಪ್ಪಿನ ಮೊರವನ್ನು ಬದಿಗೆ ಸರಿಸಿದಳು. "ನಿಮ್ಮನ್ನ ಕಟ್ಕಂಡು ನಲವತ್ತೇಳು ವರ್ಷ ಆತು. ಆ ಉಪ್ಪಿಟ್ಟಿನ ಕಥಿ ಎಷ್ಟು ಸಲ ಕೇಳೀನಿ ಅಂತ ಲೆಕ್ಕ ಇಲ್ಲ. ನನ್ನ ತೌರೂರಿನ ಹೆಸ್ರು ತಗೊಂಡು ಆ ಹುಡಿಗಿ ಕೋಣಿ ಕಳೆದ್ರಲ್ರೀ!"

"ನಾನು ಸಲಿಗೆಯಿಂದ ಕೇಳಿದೆ."

"ಆ ಉಪ್ಪಿಟ್ಟಿನೋನೂ ಸಲಿಗಿಯಿಂದ್ಲೇ ಕೇಳಿರಬೌದು. ಆತನ್ನ ಯಾರ್ ಕೇಳಾಕ ಹೋಗಿದ್ರು?"

ಈ ಮಾತಿಗೆ ನಾನು ಮರುಮಾತು ಹುಡುಕುತ್ತಾ ಆ ಸಂಜೆಯನ್ನು ಕಳೆದೆ. ಅಧಿಕಾರಿಯದು ದರ್ಪ, ನನ್ನದು ಪ್ರೀತಿ ಎಂದು ಬರೆದೆ, ಹೊಡೆದುಹಾಕಿದೆ. ಕೇಳಿಸಿಕೊಂಡವರಿಗೆ ಆದದ್ದು ಒಂದೇ. ನನ್ನನ್ನು ಒಬ್ಬರು ಹಾಗೆ ಕೇಳಿದ್ದನ್ನು ಐವತ್ತು ವರ್ಷ ಮರೆಯದವನು ನಾನು. ಆಕೆ ಮರೆಯಬೇಕೆಂದು ಬಯಸುವುದು ಯಾವ ನ್ಯಾಯ?

ಮರುದಿನ ಶುಕ್ರವಾರ. ಬೆಳಿಗ್ಗೆಯೇ ಬಸ್ ನಿಲ್ದಾಣಕ್ಕೆ ಹೋದೆ. ಮಲೆಬೆನ್ನೂರಿನ ಬಸ್ಸು ನಿಂತಿತ್ತು. ಹತ್ತಿದೆ, ಇಳಿದೆ. ಹೇಳದೆ ಕೇಳದೆ ಒಬ್ಬ ಹೆಣ್ಣುಮಗಳ ಅಣ್ಣನ ಮನೆಯ ಬಾಗಿಲಿಗೆ ಹೋಗಿ ನಿಂತರೆ ಅದು ಎರಡನೆಯ ತಪ್ಪಾಗುತ್ತದೆ ಎನ್ನಿಸಿತು. ಮನೆಗೆ ಬಂದು ಅರ್ಜಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದೆ. ಯಾರೆಂದು ಹೇಳಿದೆ. ಅಂದು ಕೇಳಬೇಕಾದದ್ದನ್ನು ನಾವು ಕೇಳಲಿಲ್ಲ, ಇನ್ನೊಮ್ಮೆ ಬರುತ್ತೀರಾ ಎಂದೆ.

"ಮತ್ತೆ ಮಂಡಿಪೇಟಿಗಾ? ನಾ ಬರಲ್ರಿ. ಕೇಳೋದು ಉಳಿದಿದ್ರೆ ನೀವೇ ಹರಿಹರಕ್ಕೆ ಬರ್ರಿ. ಬಸ್ ಸ್ಟ್ಯಾಂಡಿನ ಹಿಂದ್ಲ ಓಣ್ಯಾಗೆ ಸೀರೆ ಫಾಲ್ ಹಚ್ಚೋ ಅಂಗಡಿ ಐತೆ. ಅಲ್ಲೇ ಕೆಲ್ಸ ಮಾಡ್ತೀನಿ, ನಾಳಿ ಸಂಜಿ ತನಕ ಸಿಗ್ತೀನಿ."

ಮೂವತ್ತನಾಲ್ಕು ವರ್ಷ ಜನ ನನ್ನಲ್ಲಿಗೆ ಬರುತ್ತಿದ್ದರು. ಶನಿವಾರ ನಾನು ಹೋಗಬೇಕಾಯಿತು. ಅದು ನ್ಯಾಯವೇ ಎಂದು ಒಪ್ಪಿಕೊಂಡೆ. ಆದರೆ ಒಪ್ಪಿದ್ದು ಬಸ್ಸು ಅರ್ಧ ದಾರಿ ಸಾಗಿದ ಮೇಲೆ.

ಅಂಗಡಿ ಎಂದರೆ ಎರಡು ಹೊಲಿಗೆ ಯಂತ್ರ ಹಿಡಿಯುವಷ್ಟು ಜಾಗ. ಆಕೆ ಚಾಪೆಯ ಮೇಲೆ ಕುಳಿತು ಒಂದು ಮದುವೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ಯಂತ್ರ ತುಳಿಯುತ್ತಿದ್ದ ಅಂಗಡಿಯ ಯಜಮಾನಿ ನನಗೊಂದು ಸ್ಟೂಲು ಕೊಟ್ಟು ತನ್ನ ಕೆಲಸಕ್ಕೆ ತಿರುಗಿದರು.

"ನಾನು ಅದನ್ನು ಕೇಳಬಾರದಿತ್ತು," ಎಂದೆ. ಈ ವಾಕ್ಯವನ್ನು ಬಸ್ಸಿನಲ್ಲಿ ಆರು ರೀತಿಯಲ್ಲಿ ಕಟ್ಟಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

"ಯಾಕ್ ಕೇಳಿದ್ರಿ?"

"ನೀವು ಹೆದರಿದ್ರಿ ಅನಿಸ್ತು. ಸಲಿಗೆ ಆಗ್ಲಿ ಅಂತ."

"ನಿಮಗ ಸಲಿಗಿ ಬೇಕಾಗಿತ್ತು. ನನಗ ಕೆಲ್ಸ ಬೇಕಾಗಿತ್ತು." ತಲೆ ಎತ್ತಲಿಲ್ಲ. ದಾರದ ಎಳೆಗಳನ್ನು ಬೆರಳಿಗೆ ಸುತ್ತಿ, ಗಂಟು ಬಿಗಿದು, ಮುಂದಿನದಕ್ಕೆ ಹೋದರು. "ಈಗ ಕೇಳ್ರಿ ಅದೇನ್ ಕೇಳ್ತೀರೋ. ಕೈ ನಿಲ್ಸಲ್ಲ ನಾನು. ನಾಳಿ ಮದಿವಿ ಐತೆ ಈ ಸೀರಿಯೋರದು."

ಹದಿನಾಲ್ಕು ಪ್ರಶ್ನೆಗಳ ಹಾಳೆಯನ್ನು ತೆಗೆದೆ. ಮೊದಲನೆಯದು ಶಿಸ್ತಿನ ಬಗ್ಗೆ ಇತ್ತು. ಅದನ್ನು ಓದಲು ನಾಚಿಕೆಯಾಯಿತು. ಹಾಳೆಯನ್ನು ಮಡಚಿ ಜೇಬಿಗಿಟ್ಟು, "ಆ ಎಂಟು ವರ್ಷದಲ್ಲಿ ನಿಮಗೆ ಮರೆಯಲಾಗದ ಒಂದು ಕೆಟ್ಟ ದಿನ ಹೇಳ್ರಿ," ಎಂದೆ.

ಅವರು ಇನ್ನೆರಡು ಕುಚ್ಚು ಕಟ್ಟಿದರು. ನಾನು ಪೆನ್ನಿನ ಮುಚ್ಚಳ ತೆಗೆದು ಕಾದೆ.

"ದಿನಾ ಮುಂಜಾನಿ ನಾನು ಹುಡುಗ್ಯಾರ್ನ ಎಣಿಸ್ತಿರಲಿಲ್ಲ," ಎಂದರು ಕೊನೆಗೆ. "ಮಾಳಿಗಿ ಮ್ಯಾಲೆ ತಂತಿಗೆ ಹಾಕಿರೋ ಟವಲ್ ನೋಡ್ತಿದ್ದೆ. ಯಾರ ಟವಲ್ ಒಣಗಿರತೈತೋ ಆ ಹುಡುಗಿ ಜಳಕ ಮಾಡಿಲ್ಲ ಅಂತ. ಜಳಕ ಮಾಡಿಲ್ಲ ಅಂದ್ರೆ ಜ್ವರ ಇರತೈತೆ, ಇಲ್ಲಾ ಮನಸ್ಸು ಕೆಟ್ಟಿರತೈತೆ. ಎಣಿಸಿದ್ರೆ ಎಲ್ಲಾರೂ ಇರ್ತಾರ್ರಿ. ಎಣಿಕಿಯಾಗೆ ಏನೂ ತಿಳಿಯಲ್ಲ."

ನನ್ನ ಪೆನ್ನು ಓಡುತ್ತಿತ್ತು.

"ಒಬ್ಬಾಕಿ ಟವಲ್ ಮೂರು ದಿನ ಒಣಗೇ ಇತ್ತು. ಹತ್ತನೇ ಕ್ಲಾಸು. ಕರ್ದು ಕೂರಿಸ್ಕಂಡೆ. ಮನ್ಯಾಗೆ ಮದಿವಿ ಮಾತಾಡ್ಯಾರೆ ಅಂದ್ಲು. ಮ್ಯಾನೇಜರ್‌ಗೆ ಹೇಳ್ದೆ, ಯಾರೇ ಬಂದ್ರೂ ಈ ಹುಡಿಗೀನ ಕಳಿಸ್ಬ್ಯಾಡ್ರಿ, ಆಕಿ ಸಾಲಿ ಹೆಡ್ ಮೇಡಮ್ಮೋರಿಗೆ ತಿಳಿಸೋ ತನಕ ತಡೀರಿ ಅಂತ. ನಾ ಕಾಯಿಪಲ್ಲೆ ತರಾಕ ಸಂತಿಗೆ ಹೋಗಿದ್ದೆ. ಅಪ್ಪ ಬಂದ. ಅಜ್ಜಿಗೆ ಹುಷಾರಿಲ್ಲ ಅಂದ. ಗೇಟಿನ ಚಾವಿ ಮ್ಯಾನೇಜರ್ ಹತ್ರ ಇತ್ತು. ತೆಗೆದು ಕಳಿಸಿದ. ನಾ ಬರೋದ್ರಾಗೆ ಆಕಿ ಟ್ರಂಕೂ ಇರಲಿಲ್ಲ." ಗಂಟು ಬಿಗಿದರು. "ಪರೀಕ್ಷಿಗೂ ಬರ್ಲಿಲ್ಲ ಆ ಹುಡುಗಿ."

ಯಂತ್ರ ನಿಂತಿತ್ತು. ಯಜಮಾನಿಯೂ ಕೇಳುತ್ತಿದ್ದರು.

"ಈಗ ನಾನು ಕೇಳ್ಬೌದಾ?" ಎಂದರು ಆಕೆ.

"ಕೇಳ್ರಿ."

"ನಿಮ್ಮ ಹಾಸ್ಟೆಲಿನ ಗೇಟಿನ ಚಾವಿ ಯಾರ ಕೈಯಾಗಿರತೈತೆ?"

ಗೊತ್ತಿಲ್ಲವೆಂದೆ.

"ಯಾರಿಗಾದ್ರೂ ಜ್ವರ ಬಂದ್ರೆ ನಾನು ಯಾರ್ನೂ ಕೇಳ್ದೆ ಡಾಕ್ಟರ್ ಹತ್ರ ಒಯ್ಯಬೌದಾ? ಇಲ್ಲಾ ಮಂಡಿಪೇಟಿಗೆ ಫೋನ್ ಹಚ್ಚಿ ಕಾಯ್ಬೇಕಾ? ಜಳಕದ ಮನಿಗಳಿಗೆ ಒಳಗೆ ಚಿಲಕ ಅದಾವಾ? ನನ್ನ ಮಗಳು ನನ್ನ ಕೋಣ್ಯಾಗೆ ಇರ್ತಾಳೋ, ಹುಡುಗ್ಯಾರ ಜೊತಿಗೋ?"

ನಾಲ್ಕನ್ನೂ ಬರೆದುಕೊಂಡೆ.

"ನೀವು ಆ ಹಾಸ್ಟೆಲ್ ನೋಡೀರೇನ್ರಿ?"

"ಇಲ್ಲ."

"ಮತ್ತೆ ಅದಕ್ಕೆ ಮಂದಿ ಹೆಂಗ್ ಆರಿಸ್ತೀರಿ?" ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು. ಅದು ವ್ಯಂಗ್ಯಕ್ಕಿಂತ ಕಷ್ಟವಾಯಿತು.

ಸಂದರ್ಶನವೆಂದರೆ ನಾವು ಕೇಳುವುದು, ಅವರು ಹೇಳುವುದು ಎಂದೇ ನಾನು ನಡೆದುಕೊಂಡಿದ್ದೆ. ಕೊನೆಯಲ್ಲಿ "ನಿಮ್ಮದೇನಾದರೂ ಪ್ರಶ್ನೆ ಇದೆಯೇ" ಎಂದು ಎಷ್ಟೋ ಸಾವಿರ ಬಾರಿ ಕೇಳಿದ್ದೇನೆ, ಎದ್ದು ನಿಲ್ಲುತ್ತಾ, ಕಾಗದಗಳನ್ನು ಜೋಡಿಸುತ್ತಾ. ಹಾಗೆ ಕೇಳಿದರೆ ಯಾರು ಕೇಳುತ್ತಾರೆ? ಕೆಲಸ ಬಲ್ಲವರು ಆ ಕೆಲಸದ ಬಗ್ಗೆ ಕೇಳುವ ಪ್ರಶ್ನೆಯಲ್ಲಿ ಎಂಟು ವರ್ಷದ ಅನುಭವ ಇರುತ್ತದೆ. ಉತ್ತರದಲ್ಲಾದರೆ ಅದನ್ನು ಯಾರು ಬೇಕಾದರೂ ಉರುಹೊಡೆದು ಒಪ್ಪಿಸಿಯಾರು. ಇದು ನನಗೆ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಹರಿಹರದ ಒಂದು ಓಣಿಯಲ್ಲಿ, ಸ್ಟೂಲಿನ ಮೇಲೆ ಹೊಳೆಯಿತು. ಮುಂಚೆ ಹೊಳೆಯದೆ ಎಷ್ಟು ಜನರನ್ನು ಬರಿಗೈಯಲ್ಲಿ ಕಳುಹಿಸಿದೆನೋ.

ಅಲ್ಲಿಂದ ನೇರವಾಗಿ ದಾವಣಗೆರೆಗೆ ಬಂದು ಮುಖ್ಯೋಪಾಧ್ಯಾಯಿನಿಯನ್ನು ಕರೆದುಕೊಂಡು ಹಾಸ್ಟೆಲಿಗೆ ಹೋದೆ. ಕೋಣೆ ಕೋಣೆ ನೋಡಿದೆವು. ಆರು ಸ್ನಾನದ ಮನೆಗಳಲ್ಲಿ ಎರಡಕ್ಕೆ ಒಳಚಿಲಕ ಮುರಿದಿತ್ತು. ಹುಡುಗಿಯರು ಬಾಗಿಲಿಗೆ ಬಕೆಟ್ ಒತ್ತಿಟ್ಟು ಸ್ನಾನ ಮಾಡುತ್ತಿದ್ದರಂತೆ. ಗೇಟಿನ ಒಂದು ಚಾವಿ ಅಡಿಗೆಯವರ ಬಳಿ ಇತ್ತು. ಇನ್ನೊಂದು ಮಂಡಿಪೇಟೆಯ ಅಂಗಡಿಯಲ್ಲಿ, ತಕ್ಕಡಿಯ ಹಿಂದಿನ ಮೊಳೆಗೆ ನೇತುಹಾಕಿತ್ತು. ಅಧ್ಯಕ್ಷರ ಗುರುತಿನವರು ಬಂದರೆ ಅಂಗಡಿಯಿಂದಲೇ ಚಾವಿ ತಂದು ತೆಗೆಯುತ್ತಿದ್ದರಂತೆ.

ಸೋಮವಾರ ಮತ್ತೆ ಆ ಘಾಟಿನ ಕೋಣೆ. ನಾನು ನನ್ನ ಟಿಪ್ಪಣಿಯನ್ನು ಓದಿದೆ. ಮೊದಲ ತಪ್ಪು ಪ್ರಶ್ನೆ ನನ್ನದೆಂಬುದನ್ನು ನಡವಳಿಯಲ್ಲಿ ದಾಖಲಿಸಬೇಕೆಂದೆ.

"ಅದನ್ನೆಲ್ಲಾ ಯಾಕ ಬರೀತೀರಿ?" ಎಂದರು ಅಧ್ಯಕ್ಷರು. "ಯಾರ ಪೈಕಿ ಅಂದ್ರೆ ಅದೇನ್ ಬೈಗುಳಾ?"

"ಅದನ್ನು ಕೇಳಿದ್ದರಿಂದ ಕೇಳಬೇಕಾದದ್ದು ಉಳಿಯಿತು," ಎಂದೆ. ಆಮೇಲೆ ಆಕೆಯ ನಾಲ್ಕು ಪ್ರಶ್ನೆಗಳನ್ನು ಓದಿದೆ.

ಅಧ್ಯಕ್ಷರು ಗಹಗಹಿಸಿದರು. "ನೋಡ್ರಿ, ಇನ್ನೂ ಕೆಲ್ಸಕ್ಕೆ ಬಂದಿಲ್ಲ, ಗೇಟಿನ ಚಾವಿ ಕೇಳ್ತಾಳೆ! ನಾಳಿ ನನ್ನ ಅಂಗಡಿ ಚಾವಿ ಕೇಳ್ತಾಳೆ."

"ನಾಲ್ಕು ವರ್ಷದಾಗೆ ಮೂರು ಮಂದಿ ವಾರ್ಡನ್ ಬಿಟ್ಟು ಹೋದ್ರು ಸಾಹುಕಾರ್ರೇ," ಎಂದರು ಮುಖ್ಯೋಪಾಧ್ಯಾಯಿನಿ. ಅವರ ದನಿಯನ್ನು ಆ ಕೋಣೆಯಲ್ಲಿ ನಾನು ಸರಿಯಾಗಿ ಕೇಳಿದ್ದು ಆಗಲೇ. "ಒಬ್ರೂ ಚಾವಿ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ."

"ಗಂಡನ್ನ ಬಿಟ್ಟೋಳು ಅಂತ ಹುಡುಗ್ಯಾರ ಅಪ್ಪಂದಿರು ನಾಳಿ ಬಂದು ಕೇಳಿದ್ರೆ?"

"ನನ್ನ ಹತ್ರ ಕಳಿಸ್ರಿ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. ಐದನೆಯ ಅಭ್ಯರ್ಥಿಯ ಹೆಸರಿನ ಕೆಳಗೆ ನನ್ನ ಸಹಿ ಬೀಳುವುದಿಲ್ಲ ಎಂದೆ. ಮುಖ್ಯೋಪಾಧ್ಯಾಯಿನಿಯೂ ಪೆನ್ನನ್ನು ಚೀಲಕ್ಕೆ ಹಾಕಿಕೊಂಡರು. ಕೆಳಗೆ ಚೀಲಗಳು ಬೀಳುತ್ತಿದ್ದವು. ಜೂನ್ ಹತ್ತಿರ ಬಂದಿತ್ತು, ಹುಡುಗಿಯರು ಬರುವವರಿದ್ದರು, ವಾರ್ಡನ್ ಇರಲಿಲ್ಲ. ಅಧ್ಯಕ್ಷರು ವ್ಯಾಪಾರಿ, ಎಲ್ಲಿ ಬಿಡಬೇಕೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. "ಆತು, ಮಾಡ್ಕೊಳ್ರಿ. ಏನಾರ ಆದ್ರೆ ನನ್ನ ಕೇಳಬ್ಯಾಡ್ರಿ," ಎಂದು ಸಹಿ ಹಾಕಿದರು. ಚಾವಿ ವಾರ್ಡನ್ ಬಳಿ ಒಂದು, ಮುಖ್ಯೋಪಾಧ್ಯಾಯಿನಿಯ ಬಳಿ ಒಂದು ಎಂದು ಬರೆಯಿಸಿದೆ. ಜ್ವರಕ್ಕೆ ಯಾರನ್ನೂ ಕೇಳಬೇಕಿಲ್ಲ ಎಂದು ಬರೆಯಿಸಿದೆ. ಮಗಳು ತಾಯಿಯ ಕೋಣೆಯಲ್ಲಿ ಎಂದು ಬರೆಯಿಸಿದೆ.

ಆದೇಶದ ಪ್ರತಿಯನ್ನು ಅಂಚೆಗೆ ಹಾಕದೆ ನಾನೇ ಹರಿಹರಕ್ಕೆ ಒಯ್ದು, ಮಂಡಿಪೇಟೆಯ ಅಂಗಡಿಯಲ್ಲಿದ್ದ ಚಾವಿಯನ್ನು ಇಸಿದುಕೊಂಡದ್ದನ್ನೂ ಹೇಳಿದೆ. ಆಕೆ ನಿಧಾನವಾಗಿ, ಬೆರಳಿಟ್ಟು ಓದಿದರು. ಸಂತೋಷ ಪಡುತ್ತಾರೆಂದು ಕಾದೆ.

"ಚಿಲಕ ಹಾಕ್ಸಿದ್ದು ನೀವು ನೋಡೀರಾ?"

"ನಾನೇ ನಿಂತು ಹಾಕಿಸಿದೆ."

"ಚಾವಿ ಎರಡು ಅಂತ ಬರ್ದೀರಿ. ಅಂಗಡ್ಯಾಗಿನದನ್ನ ಇ‌ಸ್ಕಂಡೀರಿ, ಆತು. ಅದರ ಮೇಲೆ ಇನ್ನೊಂದು ಮಾಡ್ಸಿ ಇಟ್ಕಂಡಿಲ್ಲ ಅಂತ ಯಾರಿಗೆ ಗೊತ್ತು?"

ನಾನು ಅದನ್ನು ಯೋಚಿಸಿರಲಿಲ್ಲ. ಆಕೆ ಕಾಗದವನ್ನು ಮಡಚಿ ತಮ್ಮ ಬಳಿ ಇಟ್ಟುಕೊಂಡರು, ಆದರೆ ಬರುತ್ತೇನೆ ಎನ್ನಲಿಲ್ಲ. ಅಣ್ಣನ ಮನೆಯಲ್ಲಿ ಆ ಕೋಣೆಗೆ ಆಗಲೇ ಸುಣ್ಣ ಬಳಿಯುತ್ತಿದ್ದರು, ಇಬ್ಬರ ಬಟ್ಟೆಗಂಟುಗಳು ಪಡಸಾಲೆಗೆ ಬಂದಿದ್ದವು ಎಂದು ಅಂಗಡಿಯ ಯಜಮಾನಿ ಹೇಳಿದರು. ಅಂಥ ಸ್ಥಿತಿಯಲ್ಲೂ ಬೀಗದ ಪ್ರಶ್ನೆಯನ್ನು ಬಿಡದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದೇ ಸಂಜೆ ಹೊಸ ಬೀಗವೊಂದನ್ನು ಹಾಕಿಸಿ, ಎರಡೂ ಚಾವಿಗಳನ್ನು ಮುಖ್ಯೋಪಾಧ್ಯಾಯಿನಿಯ ಕೈಯಲ್ಲಿಟ್ಟು, ಫೋನ್ ಮಾಡಿ ತಿಳಿಸಿದೆ.

"ಗುರುವಾರ ಬರ್ತೀನ್ರಿ," ಎಂದರು.

ಗುರುವಾರ ನಾನು ಹಾಸ್ಟೆಲಿನ ಅಂಗಳದಲ್ಲಿದ್ದೆ. ಯಾರೂ ಕರೆದಿರಲಿಲ್ಲ, ಮನೆಯಲ್ಲಿ ಕೂರಲಾಗಲಿಲ್ಲ. ಆಟೋದಿಂದ ಎರಡು ಗಂಟು, ಒಂದು ಟ್ರಂಕು, ಶಾಲೆಯ ಚೀಲ ಹೊತ್ತ ಮಗಳು, ಅವಳ ಹಿಂದೆ ತಾಯಿ ಇಳಿದರು. ಆಕೆ ಮುಖ್ಯೋಪಾಧ್ಯಾಯಿನಿಯಿಂದ ಚಾವಿ ತೆಗೆದುಕೊಂಡು ಬೀಗಕ್ಕೆ ಹಾಕಿ ಎರಡು ಸಲ ತಿರುಗಿಸಿ ನೋಡಿದರು. ಸ್ನಾನದ ಮನೆಗಳ ಬಾಗಿಲುಗಳನ್ನು ಒಂದೊಂದಾಗಿ ಒಳಗಿನಿಂದ ಹಾಕಿ ತೆಗೆದರು. ಮಗಳು ಕೋಣೆಯ ಕಿಟಕಿ ತೆರೆಯುತ್ತಿದ್ದುದು ಕೇಳಿಸಿತು. ನಾನು ಏನಾದರೊಂದು ಮಾತು ಬಂದೀತೆಂದು ಅಂಗಳದ ನೀರಿನ ತೊಟ್ಟಿಯ ಬಳಿ ನಿಂತೇ ಇದ್ದೆ. ಕ್ಷಮಿಸಿದೆ ಎಂದಲ್ಲ, ಏನೋ ಒಂದು.

ಆಕೆ ಬಂದು, "ಸಾರ್, ಹುಡುಗ್ಯಾರು ಬರೋ ಹೊತ್ತಾತು. ಗಂಡಸ್ರು ಹೊರಗೆ ಇರ್ಬೇಕು. ಇನ್ನ ನೀವು ಹೋಗ್ಬರ್ರಿ," ಎಂದರು.

ಹೊರಗೆ ಬಂದೆ. ಬೆನ್ನ ಹಿಂದೆ ಗೇಟು ಹಾಕಿ, ಬೀಗ ತಿರುಗಿಸಿ, ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ಜಗ್ಗಿ ನೋಡಿದರು.